ಒಂಟಿ ಜೋಡು ಬಳಗದ ಬೀಗದ ಕೈ

ಅಕ್ಕನ ಬಲಭುಜ ಕೈಕೊಟ್ಟಿದ್ದು ಒಂದು ಬುಧವಾರ, ಊಟದ ಬಿಡುವು ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಪುಸ್ತಕ ಬೈಂಡಿಂಗ್ ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ದಪ್ಪನೆಯ ಶಬ್ದಕೋಶವೊಂದು ಬಿಡಿಬಿಡಿಯಾಗಿ ಬಿದ್ದುಕೊಂಡಿತ್ತು. ಹದಿನಾರು ಪುಟದ ಮಡಿಕೆಗಳನ್ನು ಒಂದರ ಮೇಲೊಂದು ಕೂರಿಸಿ, ಬೆನ್ನಿಗೆ ಸೂಜಿ ಹಾಯಿಸಿ, ಮೇಣ ಹಚ್ಚಿದ ದಾರವನ್ನು ಎಳೆದಳು ನೋಡಿ, ಭುಜದೊಳಗೆ ಏನೋ ಹಳೆಯ ಬಟ್ಟೆ ಹರಿದಂತಾಯಿತು. ಕೈ ಜೋತುಬಿತ್ತು. ಸೂಜಿ ದಾರದಲ್ಲೇ ನೇತಾಡಿತು.

ಮೂಳೆ ಡಾಕ್ಟರು ಚಿತ್ರ ತೆಗೆಸಿ ನೋಡಿ, ಕನ್ನಡಕ ಹಣೆಗೇರಿಸಿದರು. "ಮೂವತ್ತು ವರ್ಷ ಕಾಲಿನ ಕೆಲಸಾನ ಭುಜದ ಹತ್ರ ಮಾಡಿಸಿದೀರಿ. ಅದೀಗ ರಾಜೀನಾಮೆ ಕೊಟ್ಟಿದೆ."

ಮಾತು ಸುಳ್ಳಲ್ಲ. ಅಕ್ಕನಿಗೆ ಇಪ್ಪತ್ತೆರಡಾಗಿದ್ದಾಗ ಎಡಗಾಲಿನ ಗಾಯವೊಂದು ಕೀವಾಗಿ, ಮಂಡಿಯ ಮೇಲಕ್ಕೆ ಕತ್ತರಿಸಿ ಜೀವ ಉಳಿಸಿದ್ದರು. ಕೃತಕ ಕಾಲು ಅವಳಿಗೆ ಒಗ್ಗಲಿಲ್ಲ. ಎರಡು ಊರುಗೋಲೇ ಗತಿ, ಅವೇ ಮತಿ. ಮುಂದಿನ ವಾರ ಭುಜದ ಶಸ್ತ್ರಚಿಕಿತ್ಸೆ ಆಗಬೇಕು, ಆಮೇಲೆ ಆರು ವಾರ ಕೈ ಜೋಳಿಗೆಯಲ್ಲಿ. ಗಾಲಿಕುರ್ಚಿಯಲ್ಲಿ ಕೂರಬೇಕು, ಸೂಜಿ ಹಿಡಿಯಬಾರದು, ಫೋನಿನಲ್ಲಿ ಟೈಪು ಮಾಡಬಾರದು.

ಕೊನೆಯ ಮಾತು ಕೇಳಿದಾಗ ಮಾತ್ರ ಅಕ್ಕ ತಲೆಯೆತ್ತಿದಳು.

"ಹಾಗಾದ್ರೆ ಬಳಗ?" ಎಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ತಂಗಿಗೆ ಆಯಿತು. ತಂಗಿ ನಗರದ ಬಸ್ಸಿನ ಡ್ರೈವರು; ಎದುರಿಗೆ ಯಾರು ಅಡ್ಡ ಬಂದರೂ ಹಾರನ್ ಒತ್ತಿಯೇ ಅಭ್ಯಾಸ. "ಮೂಗಲ್ಲಿ ಟೈಪ್ ಮಾಡು," ಎಂದಳು.

ಬಳಗವೆಂದರೆ ಅಂತರ್ಜಾಲದಲ್ಲಿರುವ 'ಒಂಟಿ ಜೋಡು' ಬಳಗ. ಕಾಲು ಒಂದೇ ಇದ್ದರೂ ಅಂಗಡಿಯವರು ಜೋಡಿಯನ್ನೇ ಮಾರುತ್ತಾರೆ. ಅಕ್ಕ ಬಲಗಾಲಿನದ್ದನ್ನು ಸವೆಸುತ್ತಿದ್ದಳು, ಎಡಗಾಲಿನದ್ದು ಹೊಸತಾಗಿಯೇ ಮಂಚದಡಿ ಸೇರುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಗುಡಿಸುವಾಗ ಹದಿನಾಲ್ಕು ಎಡಗಾಲಿನ ಜೋಡು ಸಾಲಾಗಿ ಹೊರಬಂದವು. ಎಸೆಯಲು ಮನಸ್ಸಾಗಲಿಲ್ಲ. 'ಬಲಗಾಲು ಇಲ್ಲದ, ಆರನೇ ಅಳತೆಯವರು ಯಾರಾದರೂ ಇದ್ದರೆ ತಗೊಳ್ಳಿ' ಎಂದು ಚಿತ್ರ ಸಮೇತ ಬರೆದಳು. ಎಲ್ಲೋ ದೂರದ ಒಬ್ಬ ದರ್ಜಿ ಹೆಂಗಸು 'ನನಗೆ ಬೇಕು, ನನ್ನ ಹತ್ತಿರ ಬಲಗಾಲಿನವು ಒಂಬತ್ತಿವೆ' ಎಂದು ಉತ್ತರಿಸಿದಳು. ಅಲ್ಲಿಂದ ಶುರು. ಒಂದು ಕಾಲಿನವರು, ಎರಡು ಪಾದಕ್ಕೆ ಎರಡು ಅಳತೆ ಇರುವವರು, ಹುಟ್ಟಿನಿಂದ ಒಂದು ಪಾದ ಚಿಕ್ಕದಾದವರು, ಹೀಗೆ ಹನಿಹನಿಗೂಡಿ ಹನ್ನೊಂದು ಸಾವಿರ ಜನರಾಗಿದ್ದರು.

ಹನ್ನೊಂದು ಸಾವಿರ ಜನಕ್ಕೆ ಬಾಗಿಲು ಕಾಯುವವಳು ಅಕ್ಕ ಒಬ್ಬಳೇ. ಯಾರೇನು ಬರೆದರೂ ಮೊದಲು ಅವಳ ಕಣ್ಣಿಗೆ ಬೀಳಬೇಕು. ಯಾವ ಕಾಲು, ಯಾವ ಅಳತೆ, ಹೊಸತೋ ಹಳತೋ, ಚಿತ್ರ. ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ 'ತಿರಸ್ಕರಿಸು' ಗುಂಡಿ. ಬೈಂಡಿಂಗಿನಲ್ಲಿ ಒಂದು ಮಡಿಕೆ ಹಿಂದುಮುಂದಾದರೆ ಇಡೀ ಪುಸ್ತಕ ಹಾಳು ಎಂದು ಕಲಿತವಳು. ಹನ್ನೊಂದು ವರ್ಷದಲ್ಲಿ ಬಳಗದೊಳಗೆ ಒಂದು ಕಸಕಡ್ಡಿಯೂ ನುಗ್ಗಲು ಬಿಟ್ಟಿಲ್ಲ ಎನ್ನುವುದು ಅವಳ ಹೆಮ್ಮೆ.

"ಆರು ವಾರ ಬಳಗ ಮುಚ್ಚಿಬಿಡ್ತೀನಿ," ಎಂದಳು ಅಕ್ಕ, ಮನೆಗೆ ಬರುವ ದಾರಿಯಲ್ಲಿ.

"ನನಗೆ ತಲೆನೋವು ಅಂತ ಬಸ್ಸನ್ನ ರಸ್ತೆ ಮಧ್ಯೆ ನಿಲ್ಲಿಸಿ ಮನೆಗೆ ಬಂದ್ರೆ ಹೇಗಿರುತ್ತೆ?"

"ನನ್ನಷ್ಟು ನಿಗಾ ಇಟ್ಟು ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ನಿನಗಿಂತ ಕಮ್ಮಿ ನೋಡ್ಲಿ, ಏನಾಗುತ್ತೆ? ಒಂದು ಚಪ್ಪಲಿ ಆಚೀಚೆ ಆಗುತ್ತೆ. ಒಬ್ಬ ಮಾಡರೇಟರ್‌ನ ನೇಮಿಸು. ಸಂಬಳ ಕೇಳ್ದೆ ಮಾಡೋರು ಇದ್ದೇ ಇರ್ತಾರೆ."

ಅಕ್ಕ ಒಲ್ಲದ ಮನಸ್ಸಿನಿಂದ ಎಡಗೈಯಲ್ಲೇ ಪ್ರಕಟಣೆ ಹಾಕಿದಳು. ಒಂಬತ್ತು ಜನ ಕೈಯೆತ್ತಿದರು. ದಿನಕ್ಕೆ ಎರಡು ಗಂಟೆಯ ಕೆಲಸ, ಬೈಗುಳ ಉಚಿತ ಎಂದು ತಿಳಿದ ಮೇಲೆ ಏಳು ಕೈ ಕೆಳಗಿಳಿದವು. ಉಳಿದವರು ಇಬ್ಬರು.

ಮೊದಲನೆಯವರು ಡ್ರಿಲ್ ಮೇಷ್ಟ್ರು. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸುತ್ತಿದ್ದವರು, ಅಪಘಾತದಲ್ಲಿ ಬಲಗಾಲು ಕಳೆದುಕೊಂಡು ನಿವೃತ್ತರಾಗಿದ್ದರು. ಅರ್ಜಿಯ ಜೊತೆಗೆ ಇಪ್ಪತ್ತೆಂಟು ನಿಯಮಗಳನ್ನು ಬರೆದು ಕಳಿಸಿದ್ದರು. ಹನ್ನೆರಡನೆಯದು, 'ನಿಯಮಗಳ ಬಗ್ಗೆ ನಗುವ ಚಿಹ್ನೆ ಹಾಕಕೂಡದು.'

ಎರಡನೆಯವರು ಅಂಚೆಯತ್ತೆ. ಬಳಗದಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿದವರೆಂದು. ಅವರು ಮೂರೇ ಸಾಲು ಬರೆದಿದ್ದರು: 'ನನಗೆ ಎರಡೂ ಕಾಲಿವೆ. ನಮ್ಮ ಯಜಮಾನರಿಗೆ ಒಂದಿತ್ತು, ಅವರು ಹೋಗಿ ಮೂರು ವರ್ಷ. ಅಭ್ಯಂತರ ಇಲ್ಲದಿದ್ದರೆ ಕೆಲಸ ಮಾಡುತ್ತೇನೆ.'

ಅಕ್ಕ ಆ ಮೊದಲ ಸಾಲನ್ನು ನಾಲ್ಕು ಸಲ ಓದಿದಳು. ಎರಡು ಕಾಲಿನವರಿಗೆ ಇಲ್ಲಿ ಏನು ಕೆಲಸ? ಮನಸ್ಸು ಆಗಲೇ ಮೇಷ್ಟ್ರ ಕಡೆ ವಾಲಿತ್ತು. ಆದರೂ ನ್ಯಾಯ ನ್ಯಾಯವೇ ತಾನೆ ಎಂದು, ಒಪ್ಪಿಗೆಗೆ ಕಾದಿದ್ದ ಇಪ್ಪತ್ತು ಬರಹಗಳನ್ನು ಇಬ್ಬರಿಗೂ ಕಳಿಸಿದಳು. 'ನೀವಾಗಿದ್ದರೆ ಏನು ಮಾಡುತ್ತೀರಿ, ಸಂಜೆಯೊಳಗೆ ತಿಳಿಸಿ.'

ಮೇಷ್ಟ್ರು ಮುಕ್ಕಾಲು ಗಂಟೆಯಲ್ಲಿ ಮುಗಿಸಿದರು. ಏಳು ಸ್ವೀಕೃತ, ಹದಿಮೂರು ತಿರಸ್ಕೃತ. ಅಕ್ಕ ತಾನೇ ಗುರುತು ಹಾಕಿಟ್ಟಿದ್ದ ಪಟ್ಟಿಯೊಡನೆ ಹೋಲಿಸಿದಳು. ಒಂದಕ್ಷರ ವ್ಯತ್ಯಾಸವಿಲ್ಲ! "ನೋಡೇ, ಅಚ್ಚು ಹಾಕ್ದಂಗಿದೆ," ಎಂದು ತಂಗಿಗೆ ತೋರಿಸಿದಳು.

"ಇನ್ನೊಬ್ಬಳು ಅಕ್ಕ ಸಿಕ್ಕಿದ್ಲು ಅನ್ನು. ಒಬ್ಬಳನ್ನ ಸಹಿಸ್ಕೊಳ್ಳೋದೇ ನನಗೆ ಸಾಕಾಗಿತ್ತು."

ಅಂಚೆಯತ್ತೆಯ ಉತ್ತರ ಸಂಜೆ ಐದಾದರೂ ಬರಲಿಲ್ಲ. ಐದೂವರೆಗೆ ಬಂತು, ಉದ್ದಕ್ಕೆ. ಜಾಹೀರಾತು ಎರಡನ್ನು ಅವರೂ ಕಿತ್ತುಹಾಕಿದ್ದರು. ಸರಿಯಿದ್ದ ಏಳನ್ನು ಒಪ್ಪಿದ್ದರು. ಉಳಿದ ಹನ್ನೊಂದನ್ನು ಒಪ್ಪಿರಲಿಲ್ಲ, ಬಿಟ್ಟಿರಲೂ ಇಲ್ಲ. ಒಬ್ಬೊಬ್ಬರಿಗೂ ಬರೆದು ಕೇಳಿದ್ದರು. ಎಂಟು ಜನ ಆಗಲೇ ಉತ್ತರ ಕೊಟ್ಟಿದ್ದರು.

ಅದರಲ್ಲೊಬ್ಬ ಮರಗೆಲಸದವನು, 'ಬಲಗಾಲಿನ ಬೂಟು ಬೇಕು' ಎಂದಷ್ಟೇ ಬರೆದಿದ್ದವನು. ಅತ್ತೆ ಅವನಿಗೆ, 'ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಪಕ್ಕದಲ್ಲೊಂದು ಬೆಂಕಿಪೊಟ್ಟಣ ಇಟ್ಟು ಚಿತ್ರ ಕಳಿಸಿ' ಎಂದಿದ್ದರು. ಚಿತ್ರ ಬಂದಿತ್ತು. ಮೂರು ಬೆಂಕಿಪೊಟ್ಟಣದುದ್ದದ ಪಾದ. ಕೆಳಗೆ ಅವನ ಮಾತು: 'ಮಗಳಿಗೆ ನಾಲ್ಕು ವರ್ಷ. ಕಾಲು ಬೆಳೀತಾ ಇದೆ, ಅಳತೆ ಏನು ಬರೀಲಿ ಅಂತ ಗೊತ್ತಾಗಲಿಲ್ಲ. ಮೂರು ಸಲ ಹಾಕಿದ್ದೆ, ಮೂರು ಸಲವೂ ತಿರಸ್ಕಾರ ಆಯಿತು. ಇದು ಕೊನೇ ಸಲ ಅಂದುಕೊಂಡಿದ್ದೆ.'

ಅಕ್ಕ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಮನೆಯ ಕೆಳಗಿನ ಲಾಂಡ್ರಿ ಅಂಗಡಿಯ ಯಂತ್ರಗಳು ಗುಡುಗುಡು ಅನ್ನುತ್ತಿದ್ದವು. ಆ ಮೂರು ಸಲವೂ ಗುಂಡಿ ಒತ್ತಿದ ಹೆಬ್ಬೆರಳು ತನ್ನದೇ. ಒತ್ತಿದ ನೆನಪು ಕೂಡ ಇರಲಿಲ್ಲ.

ಅಷ್ಟರಲ್ಲಿ ಬಳಗದಲ್ಲಿ ಗುಲ್ಲೆದ್ದಿತ್ತು. ಅಂಚೆಯತ್ತೆ ಮುಚ್ಚುಮರೆಯಿಲ್ಲದೆ ತಮ್ಮ ಅರ್ಜಿಯನ್ನು ಅಕ್ಕನ ಪ್ರಕಟಣೆಯ ಕೆಳಗೆ, ಎಲ್ಲರೆದುರೇ ಹಾಕಿದ್ದರು. ಮೇಷ್ಟ್ರು ಅದರ ಕೆಳಗೆ ಗುಡುಗಿದ್ದರು. 'ನೀರಿಗಿಳಿಯದವರು ಈಜು ಕಲಿಸಲು ಬಂದಂತಾಯಿತು! ನಮ್ಮ ನೋವು ಇವರಿಗೇನು ಗೊತ್ತು? ಎರಡು ಕಾಲಿನವರ ಕೈಗೆ ಬೀಗದ ಕೈ ಕೊಟ್ಟರೆ ನಾನು ಈ ಬಳಗದಲ್ಲಿ ಒಂದು ಕ್ಷಣ ನಿಲ್ಲುವುದಿಲ್ಲ.' ಹಲವರು ಹೌದೆಂದಿದ್ದರು. ಕೆಲವರು ಬೇಡವೆಂದಿದ್ದರು. ಬಹಳಷ್ಟು ಜನ, ಅಕ್ಕ ಏನು ಹೇಳುತ್ತಾಳೋ ಎಂದು ಕಾದಿದ್ದರು.

ಮರುದಿನ ಬೆಳಿಗ್ಗೆ ಅಕ್ಕ ಅತ್ತೆಗೆ ಕರೆ ಮಾಡಿದಳು. ದನಿ ಕೇಳಿದ್ದು ಅದೇ ಮೊದಲು. ಸಣ್ಣಗಿನ, ಸ್ವಲ್ಪ ಗೊಗ್ಗರು ದನಿ.

"ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ," ಎಂದಳು ಅಕ್ಕ. "ನಮ್ಮ ಕಷ್ಟ ನಿಮಗೆ ಗೊತ್ತಾ?"

"ಇಲ್ಲಮ್ಮ. ಮೂವತ್ತು ವರ್ಷ ಒಂದೇ ಮನೇಲಿ ಇದ್ದೆ, ಅವರದ್ದೇ ಪೂರ್ತಿ ಗೊತ್ತಾಗಲಿಲ್ಲ. ಗೊತ್ತು ಅಂದ್ರೆ ಸುಳ್ಳಾಗುತ್ತೆ."

"ಮತ್ತೆ ಈ ಕೆಲಸ ಯಾಕೆ ಬೇಕು?"

"ನನಗೆ ಯಾವ ಕಾಗದ ಯಾವ ಗೂಡಿಗೆ ಹೋಗ್ಬೇಕು ಅನ್ನೋದು ಗೊತ್ತು. ಅದೊಂದೇ ಗೊತ್ತಿರೋದು. ವಿಳಾಸ ಸರಿಯಿಲ್ಲ ಅಂತ ಕಾಗದನ ಮೂಲೆಗೆ ಹಾಕೋದು ಸುಲಭ ಕಣಮ್ಮ. ಆದ್ರೆ ಬರೆದೋರು ಒಬ್ರು ಇರ್ತಾರೆ, ಕಾಯೋರು ಒಬ್ರು ಇರ್ತಾರೆ. ಅಕ್ಷರ ತಪ್ಪಿದ್ರೂ ಕಾಗದ ಕಾಗದಾನೇ. ನಮ್ಮ ಕಚೇರೀಲಿ ಅಂಥವನ್ನೆಲ್ಲ ನನ್ನ ಮೇಜಿಗೇ ತಂದು ಸುರೀತಿದ್ರು. ನಿವೃತ್ತಿ ಆದ್ಮೇಲೆ ಯಾರೂ ಏನೂ ಸುರೀತಿಲ್ಲ."

ಕೊನೆಯ ಮಾತಿಗೆ ಇಬ್ಬರೂ ನಕ್ಕರು. ನಗು ನಿಂತಾಗ ಅಕ್ಕನ ಮನಸ್ಸು ಹಗುರಾಗಿತ್ತು.

ಆದರೂ ನಿರ್ಧಾರ ಸುಲಭವಿರಲಿಲ್ಲ. ಶುಕ್ರವಾರ ಆಸ್ಪತ್ರೆಗೆ ಸೇರಬೇಕು. ಗುರುವಾರ ಇಡೀ ದಿನ ಅಕ್ಕ ತನ್ನನ್ನು ತಾನೇ ಕೆದಕಿಕೊಂಡಳು. ಮೇಷ್ಟ್ರನ್ನು ನೇಮಿಸಿದರೆ ಗಲಾಟೆಯಿಲ್ಲ, ಬಳಗ ಇದ್ದ ಹಾಗೆಯೇ ಇರುತ್ತದೆ. ಆ 'ಇದ್ದ ಹಾಗೆಯೇ' ಎನ್ನುವುದು ಈಗ ಅವಳನ್ನು ಚುಚ್ಚುತ್ತಿತ್ತು. ನೋವು ಗೊತ್ತಿದ್ದ ತಾನೇ ಮರಗೆಲಸದವನನ್ನು ಮೂರು ಸಲ ಬಾಗಿಲಿಂದ ಕಳಿಸಿದ್ದಳಲ್ಲ! ನೋವು ಗೊತ್ತಿದ್ದರೆ ಸಾಕು ಎನ್ನುವ ಮಾತು ಇನ್ನು ಯಾವ ಬಾಯಿಂದ ಆಡುವುದು?

ಸಂಜೆ ತಂಗಿ ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲೇ ಬಂದು ಕೂತಳು. ಅಕ್ಕ ಹೇಳುತ್ತ ಹೋದಳು, ತಂಗಿ ಬರೆಯುತ್ತ ಹೋದಳು.

'ಇವತ್ತಿನಿಂದ ಆರು ವಾರ ಅಂಚೆಯತ್ತೆ ನಮ್ಮ ಮಾಡರೇಟರ್. ಅವರಿಗೆ ಎರಡು ಕಾಲಿವೆ, ಅದು ಅವರ ತಪ್ಪಲ್ಲ. ಹನ್ನೊಂದು ವರ್ಷದಲ್ಲಿ ನಾನು ತಿರಸ್ಕರಿಸಿದ ಬರಹಗಳಲ್ಲಿ ನಿಜವಾಗಿ ಜೋಡು ಬೇಕಿದ್ದವರು ಎಷ್ಟು ಜನರಿದ್ದರೋ ನನಗೆ ತಿಳಿಯದು. ಅವರೆಲ್ಲರ ಕ್ಷಮೆ ಕೇಳುತ್ತೇನೆ.'

"ಕೊನೇ ಸಾಲು ಬೇಕಾ?" ಎಂದಳು ತಂಗಿ, ಮೆತ್ತಗೆ.

"ಅದೇ ಬೇಕಾಗಿರೋದು. ಒತ್ತು."

ತಂಗಿ ಒತ್ತಿದಳು. ಹತ್ತು ನಿಮಿಷದಲ್ಲಿ ಮೇಷ್ಟ್ರು ಬಳಗ ಬಿಟ್ಟರು, ಅವರ ಹಿಂದೆ ನಲವತ್ತಮೂರು ಜನ. "ಹೋಗ್ಲಿ ಬಿಡು, ನಿಲ್ದಾಣ ಬಂತು ಅಂತ ಇಳಿದಿದ್ದಾರೆ. ಬಸ್ ಓಡ್ತಿದೆಯಲ್ಲ," ಎಂದಳು ತಂಗಿ.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಎಂಟು ಮಂಚದ ವಾರ್ಡಿನಲ್ಲಿ ಅಕ್ಕನದು ಕಿಟಕಿ ಪಕ್ಕದ್ದು. ಮೊದಲ ನಾಲ್ಕು ದಿನ ಅವಳು ಫೋನನ್ನು ಹತ್ತಿರಕ್ಕೇ ಸೇರಿಸಲಿಲ್ಲ. ನೋಡಿದರೆ ತಿದ್ದಬೇಕೆನ್ನಿಸುತ್ತದೆ, ತಿದ್ದಲು ಕೈಯಿಲ್ಲ. ಐದನೆಯ ದಿನ ತಂಗಿ ಏದುಸಿರು ಬಿಡುತ್ತ ಬಂದಳು. ಬಸ್ಸಿನ ಪಾಳಿ ಬದಲಿಸಿಕೊಂಡು ಬಂದಿದ್ದಳಂತೆ.

"ನಿನ್ನ ಅತ್ತೆ ಏನು ಮಾಡಿದ್ದಾರೆ ಗೊತ್ತಾ? ಕಸದ ಬುಟ್ಟಿ ಬಗ್ಗಿಸಿದ್ದಾರೆ!"

ಹನ್ನೊಂದು ವರ್ಷದ ತಿರಸ್ಕೃತ ಬರಹಗಳೆಲ್ಲ ಬಳಗದ ಹಿಂಬದಿಯಲ್ಲಿ ಹಾಗೆಯೇ ಬಿದ್ದಿದ್ದವು. ಅತ್ತೆ ಮೊದಲನೆಯ ದಿನವೇ ಅಲ್ಲಿಗೆ ಕೈಹಾಕಿದ್ದರು. ಜಾಹೀರಾತು, ಕಿಡಿಗೇಡಿತನ ಎಲ್ಲ ಜರಡಿ ಹಿಡಿದ ಮೇಲೆ ಆರುನೂರ ಹನ್ನೆರಡು ಉಳಿದವು. ಆರುನೂರ ಹನ್ನೆರಡು ಜನರಿಗೂ, ಒಬ್ಬರನ್ನೂ ಬಿಡದೆ, ಬರೆದಿದ್ದರು: 'ನಿಮ್ಮ ಬರಹ ಈಗ ತಲುಪಿತು. ತಡವಾಯಿತು. ಜೋಡು ಇನ್ನೂ ಬೇಕೇ? ಕೊಡುವುದು ಇನ್ನೂ ಇದೆಯೇ?'

ಅವುಗಳಲ್ಲಿ ಒಂದು ಏಳು ವರ್ಷ ಹಳೆಯದು. 'ದೊಡ್ಡ ಜೋಡು, ಎಡಗಾಲಿನದ್ದು, ಬೇಕಾದವರಿಗೆ ಕೊಡುತ್ತೇನೆ' ಎಂದಷ್ಟೇ ಇತ್ತು. ಅಳತೆಯಿಲ್ಲ. ಆದರೆ ಚಿತ್ರದಲ್ಲಿ ಜೋಡಿನ ಪಕ್ಕ ಮಡಿಸಿದ ದಿನಪತ್ರಿಕೆಯಿತ್ತು, ಮತ್ತು ಜೋಡು ಪತ್ರಿಕೆಯನ್ನೂ ಮೀರಿ ಚಾಚಿತ್ತು. ಜೀವಮಾನವೆಲ್ಲ ಪತ್ರಿಕೆಯ ಕಟ್ಟುಗಳನ್ನು ಗೂಡಿಗೆ ತುರುಕಿದವರಿಗೆ ಅದರ ಉದ್ದ ಬೇರೆ ಯಾರು ಹೇಳಬೇಕು? ಅತ್ತೆ ಅಲ್ಲೇ ಲೆಕ್ಕ ಹಾಕಿದರು: ಹದಿನೈದನೇ ಅಳತೆ.

ಹದಿನೈದನೇ ಅಳತೆಯ ಎಡಗಾಲಿನವನು ಇಡೀ ಬಳಗದಲ್ಲಿ ಒಬ್ಬನೇ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದು, ಈಗ ಅಲ್ಲೇ ಹಡಗುಗಳಿಗೆ ಸನ್ನೆ ಕೊಡುವ ಕೊಠಡಿಯಲ್ಲಿ ಕೂರುವ ಕ್ರೇನಣ್ಣ. ಅವನ ಕಾಲಿಗೆ ಯಾವ ಅಂಗಡಿಯಲ್ಲೂ ಜೋಡು ಸಿಗದೆ, ಹಳೆಯ ರಬ್ಬರ್ ಬೂಟಿನ ಮೂತಿ ಕತ್ತರಿಸಿ, ಬೆರಳು ಹೊರಗೆ ಬಿಟ್ಟುಕೊಂಡು ಆರು ವರ್ಷ ತಿರುಗಿದ್ದ. ಕೊಡುವವನು ಹಿಂದೊಮ್ಮೆ ಚೆಂಡಾಟದ ತಂಡದಲ್ಲಿದ್ದ ಎತ್ತರದ ಆಸಾಮಿ. ತಿರಸ್ಕಾರವಾದ ಮೇಲೆ ಈ ಕಡೆ ತಲೆಹಾಕಿರಲಿಲ್ಲ, ಆದರೆ ಜೋಡುಗಳನ್ನು ಎಸೆದೂ ಇರಲಿಲ್ಲ. ಟ್ರಂಕಿನಲ್ಲಿ ಒಂಬತ್ತು ಇಟ್ಟಿದ್ದ. ಅತ್ತೆಯ ಕಾಗದ ಸಿಕ್ಕ ದಿನವೇ ಒಂಬತ್ತನ್ನೂ ಕಟ್ಟಿ ಕಳಿಸಿದ.

"ಈಗ ಇದನ್ನ ನೋಡು," ಎಂದು ತಂಗಿ ಫೋನನ್ನು ಅಕ್ಕನ ಮುಖದೆದುರು ಹಿಡಿದಳು. ಪಕ್ಕದ ಮಂಚದ ಅಜ್ಜಿ ಕತ್ತು ಚಾಚಿದರು. ನರ್ಸಮ್ಮ ಥರ್ಮಾಮೀಟರ್ ಹಿಡಿದುಕೊಂಡೇ ಬಂದು ನಿಂತರು.

ವಿಡಿಯೊದಲ್ಲಿ ಬಂದರಿನ ಕಟ್ಟೆ. ಬೆಳಗಿನ ಬಿಸಿಲು. ಕ್ರೇನಣ್ಣ ಕಂದು ಚರ್ಮದ ಬೂಟು ಹಾಕಿಕೊಂಡು, ಊರುಗೋಲಿನ ಮೇಲೆ ಭಾರ ಬಿಟ್ಟು, ಕಾಲನ್ನು ನೆಲಕ್ಕೆ ಠಪ್ ಠಪ್ ಎಂದು ಬಡಿಯುತ್ತಿದ್ದ. ಮುಖ ಇಷ್ಟಗಲ. ಅವನ ಹಿಂದೆ, ಹಳೆಯ ಗೆಳೆಯರು ಆ ಮೂತಿಯಿಲ್ಲದ ರಬ್ಬರ್ ಬೂಟನ್ನು ಕ್ರೇನಿನ ಕೊಕ್ಕೆಗೆ ಸಿಕ್ಕಿಸಿದ್ದರು. ಯಂತ್ರ ಗೊರಗುಟ್ಟಿತು. ಬೂಟು ಮೇಲೇರಿತು. ಗೋದಾಮಿನ ಚಾವಣಿ ದಾಟಿ, ಹಡಗಿನ ಹೊಗೆಕೊಳವೆ ದಾಟಿ ಏರುತ್ತ ಏರುತ್ತ ಆಕಾಶದಲ್ಲಿ ಕಪ್ಪು ಚುಕ್ಕೆಯಾಯಿತು. ಕೆಳಗೆ ಹಮಾಲಿಗಳು ಟೋಪಿ ತೂರಿದರು. ಕಟ್ಟೆಗೆ ಕಟ್ಟಿದ್ದ ಒಂದು ಹಡಗು 'ಭೋಂ' ಎಂದು ಕೂಗಿತು, ಅದಕ್ಕುತ್ತರವಾಗಿ ಇನ್ನೊಂದು, ಮತ್ತೊಂದು.

ವಾರ್ಡಿನಲ್ಲಿ ಅಜ್ಜಿ ಚಪ್ಪಾಳೆ ತಟ್ಟಿದರು. ನರ್ಸಮ್ಮ "ಇನ್ನೊಂದ್ಸಲ ಹಾಕಿ, ಆ ಕಡೆ ಮಂಚದೋರಿಗೂ ಕಾಣ್ಲಿ," ಎಂದರು. ಅಕ್ಕ ನಗುತ್ತಿದ್ದಳು, ಅಳುತ್ತಿದ್ದಳು, ಎರಡನ್ನೂ ಒರೆಸಿಕೊಳ್ಳಲು ಒಂದೇ ಕೈಯಿತ್ತು.

ಅದಾದ ಮೇಲೆ ದಿನಕ್ಕೊಂದು ಸುದ್ದಿ. ಮರಗೆಲಸದವನ ಮಗಳಿಗೆ ಬೆಳೆಯುವ ಕಾಲಿಗೆಂದು ಮೂರು ಅಳತೆಯ ಕೆಂಪು ಬೂಟುಗಳು ಮೂರು ಕಡೆಯಿಂದ ಬಂದವು. ಹೋದ ನಲವತ್ತಮೂರರಲ್ಲಿ ಮೂವತ್ತು ಜನ ಒಬ್ಬೊಬ್ಬರಾಗಿ, ಬಂದದ್ದು ಗೊತ್ತಾಗದ ಹಾಗೆ, ಹಿಂದಿರುಗಿದರು. ಮೂರನೆಯ ವಾರ ಮೇಷ್ಟ್ರಿಂದ ಅಕ್ಕನಿಗೊಂದು ಧ್ವನಿ ಸಂದೇಶ ಬಂತು. "ಅಕ್ಕಾವ್ರೇ, ಗೋಡೆ ಹಿಡ್ಕೊಂಡು ಅಟೆನ್ಷನ್‌ನಲ್ಲಿ ನಿಂತು ಹೇಳ್ತಾ ಇದೀನಿ. ತಪ್ಪು ನಂದು. ಆರುನೂರು ಜನಕ್ಕೆ ಒಬ್ರೇ ಕೂತು ಕಾಗದ ಬರೆಯೋದು, ಅದೂ ಯಾರೂ ಹೇಳ್ದೆ, ಅದಕ್ಕೆ ಶಿಸ್ತು ಅಂತಾರೆ. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದೆ, ನನಗೀಗ ಗೊತ್ತಾಯ್ತು ಅದೇನು ಅಂತ. ಆ ಅಮ್ಮನೋರ ಕೈ ಕೆಳಗೆ ಯಾವುದಾದ್ರೂ ಕೆಲಸ ಇದ್ರೆ ಕೊಡಿಸಿ. ನಿಯಮಗಳನ್ನ ಹರಿದು ಹಾಕಿದೀನಿ. ಎರಡು ಇಟ್ಕೊಂಡಿದೀನಿ, ಅಷ್ಟೆ."

ಆರು ವಾರವಾಯಿತು. ಜೋಳಿಗೆ ಬಿಚ್ಚಿದ ದಿನ ಅಕ್ಕ ಮೊದಲು ಮಾಡಿದ್ದು ಬಳಗದ ಹಿಂಬಾಗಿಲು ತೆರೆದು ನೋಡಿದ್ದು. ಒಪ್ಪಿಗೆಗೆ ಕಾದವು: ಸೊನ್ನೆ. ದೂರು: ಸೊನ್ನೆ. ಹೊಂದಿಕೆಯಾದ ಜೋಡುಗಳು: ಇನ್ನೂರ ಮೂವತ್ತೆಂಟು. ಅವಳ ಕಾಲದಲ್ಲಿ ತಿಂಗಳಿಗೆ ಇಪ್ಪತ್ತಾದರೆ ಹೆಚ್ಚು.

ಒಳಗೆಲ್ಲೋ ಚುಳುಕ್ಕೆಂದಿತು, ನಿಜ ಹೇಳಬೇಕಲ್ಲ. ತಾನಿಲ್ಲದೆ ಬಳಗ ಬಡವಾಗಲಿಲ್ಲ. ಆ ನೋವನ್ನು ಅವಳು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಅನುಭವಿಸಿದಳು. ಆಮೇಲೆ ಇನ್ನೂರ ಮೂವತ್ತೆಂಟರ ಪಟ್ಟಿಯನ್ನು ಮೇಲಿಂದ ಕೆಳಗೆ ಓದತೊಡಗಿದಳು: ಒಬ್ಬ ಕ್ಷೌರಿಕ, ಒಬ್ಬ ಗಾಯಕಿ, ಅವಳಿ ಸೋದರಿಯರಲ್ಲಿ ಒಬ್ಬಳು, ಒಬ್ಬ ಗಡಿಯಾರ ರಿಪೇರಿಯವನು. ಅರ್ಧಕ್ಕೆ ಬರುವಷ್ಟರಲ್ಲಿ ಚುಳುಕು ಎಲ್ಲಿ ಹೋಯಿತೋ.

ಅತ್ತೆಯ ಕರೆ ಬಂತು. "ಆರು ವಾರ ಅಂದಿದ್ರಿ. ನಿಮ್ಮ ಬೀಗದ ಕೈ ವಾಪಸ್ ತಗೊಳ್ಳಿ."

"ಅದು ನನ್ನದಲ್ಲ," ಎಂದಳು ಅಕ್ಕ. "ನನ್ನದು ಅಂದ್ಕೊಂಡಿದ್ದೇ ತಪ್ಪಾಗಿದ್ದು. ಇಟ್ಕೊಳ್ಳಿ. ನೀವು ಸಾಕು ಅನ್ನೋವರೆಗೂ ಇಟ್ಕೊಳ್ಳಿ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು. "ಹಾಗಾದ್ರೆ ಮೇಷ್ಟ್ರನ್ನೂ ಒಬ್ಬ ಮಾಡರೇಟರ್ ಮಾಡ್ಕೊಳ್ಳೋಣ ಅಂತಿದೀನಿ. ಆ ದರ್ಜಿ ಹೆಂಗಸನ್ನೂ. ನೀವು ಏನಂತೀರಿ?"

"ನನ್ನನ್ನ ಕೇಳ್ತೀರಲ್ಲ! ನಿಮಗೆ ಸರಿ ಅನ್ಸಿದ್ರೆ ನೇಮಿಸಿ."

ಮರುದಿನ ಅಕ್ಕ ಕೆಲಸಕ್ಕೆ ಹೋದಳು. ಅಂಟಿನ ವಾಸನೆ, ಕತ್ತರಿ ಯಂತ್ರದ ಕಟಕಟ, ಕಾಗದದ ಧೂಳು. ಮೇಜಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸಿ, ಭುಜವನ್ನು ಮೆಲ್ಲನೆ ಚಾಚಿ ಎಳೆದಳು. ದಾರ ಬಂತು, ನೋವು ಬರಲಿಲ್ಲ. ಇನ್ನೊಮ್ಮೆ ಎಳೆದಳು.

ಆ ಹೊತ್ತಿಗೆ ಬಳಗದಲ್ಲಿ ಹೊಸ ಮಾಡರೇಟರುಗಳ ಪ್ರಕಟಣೆ ಬಿತ್ತೆಂದು ಕಾಣುತ್ತದೆ. ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ನಿಂತು ಮತ್ತೆ ಗುಂಯ್‌ಗುಟ್ಟಿತು. ಆಮೇಲೆ ನಿಲ್ಲಲೇ ಇಲ್ಲ. ಅಭಿನಂದನೆ, ಹಾರೈಕೆ, ಚಪ್ಪಾಳೆಯ ಚಿತ್ರ, ನೂರಾರು ಕಡೆಯಿಂದ ಒಂದರ ಬೆನ್ನಿಗೊಂದು ಬಂದು, ಫೋನು ಬಿಡಿ ಹಾಳೆಗಳ ನಡುವೆ ಥಕಥಕ ಜರುಗುತ್ತ ಮೇಜಿನ ಈ ತುದಿಯಿಂದ ಆ ತುದಿಗೆ ಹೊರಟಿತು.

"ಏನಮ್ಮ ಅದು ಗಲಾಟೆ? ಆರಿಸಬಾರದಾ?" ಎಂದು ಕಾರ್ಖಾನೆಯ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಕತ್ತರಿ ಯಂತ್ರದ ಹಿಂದಿನಿಂದ ಕೂಗಿದರು.

"ಇರ್ಲಿ ಬಿಡಿ ಮೇಸ್ತ್ರಿ," ಎಂದಳು ಅಕ್ಕ, ದಾರವನ್ನು ಹಲ್ಲಿನಿಂದ ಕಡಿಯುತ್ತ. "ಕುಣೀಲಿ."